ಸಿಸಿ ತೆಗೆದ ಮೇಲೆ ಸಿಮ್ಸ್ 4 ಮುನಿಸಿಕೊಂಡರೆ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಸಿಮ್ ಎಂಬ ಪಾತ್ರಗಳ ಸಂಸಾರ ನಡೆಸುವ ಸಿಮ್ಸ್ 4 ಎಂಬ ಆಟದ ಮಾಡ್ಸ್ ಫೋಲ್ಡರನ್ನು ಖಾಲಿ ಮಾಡಿ ಆಟ ತೆರೆದಿದ್ದೀರಿ. ಮೂರು ತಲೆಮಾರಿನಿಂದ ಸಾಕಿಕೊಂಡು ಬಂದ ಕುಟುಂಬದ ಅಜ್ಜಿ ತಲೆಯಲ್ಲಿ ಒಂದೆಳೆ ಕೂದಲಿಲ್ಲದೆ ಒಲೆಯ ಮುಂದೆ ನಿಂತಿದ್ದಾಳೆ. ಕಿಟಕಿ ಇದ್ದ ಕಡೆ ಬರಿಗೋಡೆ. ಮಗನ ಉದ್ಯೋಗದ ಜಾಗದಲ್ಲಿ ಏನೂ ಇಲ್ಲ. ಇಷ್ಟು ದಿನ ಆಡಿದ್ದೆಲ್ಲ ನೀರುಪಾಲಾಯಿತು ಎಂದು ಎದೆ ಧಸಕ್ಕೆನ್ನುತ್ತದೆ.

ಹೆಚ್ಚಿನ ಸಲ ಹಾಗೇನೂ ಆಗಿರುವುದಿಲ್ಲ. ಹೊರಗಿನಿಂದ ಇಳಿಸಿಕೊಂಡ ಕೂದಲು, ಉಡುಪು, ಪೀಠೋಪಕರಣಗಳಿಗೆ ಕಸ್ಟಮ್ ಕಂಟೆಂಟ್ ಎಂದು ಹೆಸರು, ಆಡುವವರ ಬಾಯಲ್ಲಿ ಅದು ಸಿಸಿ. ಆಟದ ನಡೆಯನ್ನೇ ಬದಲಿಸುವ ಫೈಲುಗಳಿಗೆ ಮಾಡ್ ಎಂದು ಹೆಸರು. ಎರಡೂ ಇರುವುದು ಮಾಡ್ಸ್ ಫೋಲ್ಡರಿನಲ್ಲೇ. ಈ ಸಿಸಿ ಎಂದೂ ನಿಮ್ಮ ಸೇವ್ ಫೈಲಿನೊಳಗೆ ಸೇರಿರುವುದಿಲ್ಲ. ಅಜ್ಜಿಗೆ ಇಂಥ ಸಂಖ್ಯೆಯ ಕೂದಲು ಎಂಬ ವಿಳಾಸವಷ್ಟೇ ಅಲ್ಲಿ ಬರೆದಿರುತ್ತದೆ. ಆಟ ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತದೆ, ಮನೆಯಲ್ಲಿ ಯಾರೂ ಇಲ್ಲ, ಬರಿಗೈಯಲ್ಲಿ ಮರಳುತ್ತದೆ. ಕೆಳಗಿನ ಮುಕ್ಕಾಲು ಪಾಲು ಲಕ್ಷಣಗಳಿಗೆ ಇದೊಂದೇ ಕಾರಣ. ಇದು ತಿಳಿದಿದ್ದರೆ ಗಾಬರಿ ಅರ್ಧ ಇಳಿಯುತ್ತದೆ.

ಏನೇ ಕಂಡರೂ ಮೊದಲು ಇದನ್ನು ಮಾಡಿ

ಉಳಿಸಬೇಡಿ. ಸೇವ್ ಒತ್ತದೆ ಆಟದಿಂದ ಹೊರಬನ್ನಿ. ವಿಳಾಸ ಹಾಗೇ ಇರುವವರೆಗೆ ಸಿಸಿಯನ್ನು ವಾಪಸ್ ಇಟ್ಟರೆ ಎಲ್ಲವೂ ಮರಳುತ್ತದೆ. ಬದಲಾದ ಮನೆಯನ್ನು ಉಳಿಸಿದರೆ ಆಟ ತನ್ನ ಬದಲಿ ಸಾಮಾನನ್ನೇ ಬರೆದುಕೊಳ್ಳುತ್ತದೆ, ಹಳೆಯ ವಿಳಾಸ ಅಳಿಸಿಹೋಗುತ್ತದೆ. ಒಮ್ಮೆ ಅವಸರದಲ್ಲಿ ನಾನು ಸೇವ್ ಒತ್ತಿದೆ. ಒಂದೊಂದೇ ಕಟ್ಟೆ ಜೋಡಿಸಿ ಕಟ್ಟಿದ್ದ ಅಡುಗೆಮನೆ ಶಾಶ್ವತವಾಗಿ ಬೇರೆಯದಾಯಿತು. ಫೈಲುಗಳನ್ನೆಲ್ಲ ವಾಪಸ್ ಇಟ್ಟರೂ ಅದು ಬರಲಿಲ್ಲ. ಅದಕ್ಕೇ ಈ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದೇನೆ.

ಆಮೇಲೆ ಡಾಕ್ಯುಮೆಂಟ್ಸ್ ಒಳಗಿನ ಎಲೆಕ್ಟ್ರಾನಿಕ್ ಆರ್ಟ್ಸ್ ಫೋಲ್ಡರಿಗೆ ಹೋಗಿ, ಅದರಲ್ಲಿರುವ ದ ಸಿಮ್ಸ್ 4 ಫೋಲ್ಡರನ್ನು ಇಡಿಯಾಗಿ ಬೇರೊಂದು ಕಡೆಗೆ ನಕಲು ಮಾಡಿ. ಸೇವ್ಸ್, ಲೈಬ್ರರಿಯ ಮನೆಗಳಿರುವ ಟ್ರೇ, ಮಾಡ್ಸ್, ಸ್ಕ್ರೀನ್‌ಶಾಟ್ಸ್ ಎಲ್ಲವೂ ಅದರಲ್ಲೇ ಇವೆ. ಈ ನಕಲು ಕೈಯಲ್ಲಿದ್ದರೆ ಮುಂದೆ ಹೇಳುವ ಯಾವ ಪರೀಕ್ಷೆಯನ್ನೂ ಧೈರ್ಯವಾಗಿ ಮಾಡಬಹುದು. ಇಲ್ಲದಿದ್ದರೆ ಯಾವುದನ್ನೂ ಮಾಡಬೇಡಿ.

ಸಿಮ್‌ಗಳ ತಲೆ ಬೋಳು, ಉಡುಪು ಮಾಯ

ನೀವಾಗಿಯೇ ಸಿಸಿ ತೆಗೆದಿದ್ದೀರಾ ಎಂಬುದು ಮೊದಲ ಪ್ರಶ್ನೆ. ಇಲ್ಲ ಎಂದಾದರೆ, ಆಟ ಇತ್ತೀಚೆಗೆ ಅಪ್‌ಡೇಟ್ ಆಗಿರಬೇಕು. ಅಪ್‌ಡೇಟ್ ಬಂದಾಗ ಆಟ ತಾನೇ ಸಿಸಿ ಮತ್ತು ಮಾಡ್‌ಗಳನ್ನು ಆಫ್ ಮಾಡುತ್ತದೆ. ಗೇಮ್ ಆಪ್ಷನ್ಸ್ ತೆರೆದು ಅದರ್ ಎಂಬ ಭಾಗದಲ್ಲಿ ಸಿಸಿ ಮತ್ತು ಮಾಡ್‌ಗಳಿಗೆ ಅನುಮತಿ ಕೊಡುವ ಚೌಕದಲ್ಲಿ ಗುರುತು ಇದೆಯೇ ನೋಡಿ. ಗುರುತು ಹಾಕಿದ ಮೇಲೆ ಆಟವನ್ನು ಮುಚ್ಚಿ ಮತ್ತೆ ತೆರೆಯಬೇಕು, ಆಗಲೇ ಅದು ಜಾರಿಗೆ ಬರುವುದು.

ಬೇಕೆಂದೇ ತೆಗೆದಿದ್ದರೆ ಇದು ದೋಷವೇ ಅಲ್ಲ. ಸಿಮ್ ಅನ್ನು ಕನ್ನಡಿಯ ಮುಂದೆ ಅಥವಾ ಬಟ್ಟೆಯ ಬೀರುವಿನ ಬಳಿ ಕರೆದೊಯ್ದು ಆಟದಲ್ಲೇ ಇರುವ ಕೂದಲು, ಉಡುಪು ತೊಡಿಸಿದರೆ ಸಾಕು. ಇಲ್ಲಿ ಹಲವರು ಒಂದು ಕಡೆ ಎಡವುತ್ತಾರೆ. ಹಗಲಿನ ಉಡುಪಿಗೆ ಕೂದಲು ಕೊಟ್ಟು ಸಮಾಧಾನಪಟ್ಟುಕೊಳ್ಳುತ್ತಾರೆ, ರಾತ್ರಿ ಸಿಮ್ ಮಲಗುವ ಉಡುಪಿಗೆ ಬದಲಾದ ಕೂಡಲೇ ತಲೆ ಮತ್ತೆ ಬೋಳು. ಆಟದಲ್ಲಿ ದಿನಬಳಕೆ, ಸಮಾರಂಭ, ವ್ಯಾಯಾಮ, ನಿದ್ದೆ, ಪಾರ್ಟಿ, ಈಜು, ಬಿಸಿಲು, ಚಳಿ ಎಂದು ಎಂಟು ಬಗೆಯ ಉಡುಪುಗಳಿವೆ, ಕೂದಲು ಪ್ರತಿಯೊಂದಕ್ಕೂ ಬೇರೆ ಇರಬಹುದು. ಎಂಟನ್ನೂ ಒಂದೊಂದಾಗಿ ತೆರೆದು ನೋಡಿ. ಒಂದು ಬಗೆಯಲ್ಲಿ ಒಂದಕ್ಕಿಂತ ಹೆಚ್ಚು ಉಡುಪು ಇಟ್ಟಿದ್ದರೆ ಅವನ್ನೂ ಬಿಡಬೇಡಿ.

ಬೀದಿಯಲ್ಲಿ ಹೋಗುವ, ನೀವು ಮುಟ್ಟಿಯೂ ಇಲ್ಲದ ಸಿಮ್‌ಗಳೂ ಬೋಳಾಗಿದ್ದರೆ ಬೆರಗಾಗಬೇಕಿಲ್ಲ. ಊರಿನ ಜನರನ್ನು ಹುಟ್ಟಿಸುವಾಗ ಆಟ ಅಂದು ಮಾಡ್ಸ್ ಫೋಲ್ಡರಿನಲ್ಲಿದ್ದ ಸಿಸಿಯಿಂದಲೂ ಉಡುಪು ಆರಿಸಿಕೊಂಡಿರುತ್ತದೆ. ಮ್ಯಾನೇಜ್ ಹೌಸ್‌ಹೋಲ್ಡ್ಸ್ ಮೂಲಕ ಅವರನ್ನು ತೆರೆದು ತಿದ್ದಬಹುದು. ಎಲ್ಲರನ್ನೂ ತಿದ್ದುವುದಕ್ಕಿಂತ, ನಿಮ್ಮ ಕಥೆಗೆ ಬೇಕಾದವರನ್ನು ತಿದ್ದಿ ಉಳಿದವರನ್ನು ಬಿಡುವುದು ಒಳ್ಳೆಯದು.

ಚರ್ಮದ ಬಣ್ಣ, ಕಣ್ಣು ಮಾತ್ರ ಸ್ವಲ್ಪ ಬೇರೆಯಾಗಿ ಕಂಡರೆ, ನೀವು ಹಾಕಿಕೊಂಡಿದ್ದದ್ದು ಮೂಲದ ಜಾಗದಲ್ಲೇ ಕೂರುವ ಬಗೆಯ ಸಿಸಿ. ಅದನ್ನು ತೆಗೆದರೆ ಆಟದ ಮೂಲ ರೂಪ ತಾನಾಗಿ ಕಾಣಿಸಿಕೊಳ್ಳುತ್ತದೆ. ಏನೂ ಮಾಡಬೇಕಿಲ್ಲ.

ಮನೆಯ ಸಾಮಾನು ಬದಲಾಗಿದೆ ಅಥವಾ ಕಾಣೆಯಾಗಿದೆ

ಮನೆ ತೆರೆದಾಗ, ಕೆಲವು ವಸ್ತುಗಳನ್ನು ತೆಗೆಯಲಾಗಿದೆ ಇಲ್ಲವೇ ಬದಲಿಸಲಾಗಿದೆ ಎಂಬ ಸೂಚನೆ ಬಂದರೆ ಎರಡು ಕಾರಣ ಇರಬಹುದು. ಸಿಸಿ ಇಲ್ಲದಿರುವುದು ಒಂದು, ಖರೀದಿಸಿದ ಪ್ಯಾಕ್ (ಆಟದ ಕಂಪನಿಯೇ ಮಾರುವ ಹೆಚ್ಚುವರಿ ಸಾಮಾನಿನ ಕಂತೆ) ಆಟಕ್ಕೆ ಕಾಣದಿರುವುದು ಇನ್ನೊಂದು. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಆದರೆ ಪರಿಹಾರ ಬೇರೆ ಬೇರೆ.

ಬೇರ್ಪಡಿಸುವುದು ಸುಲಭ. ಮುಖ್ಯ ಮೆನುವಿನಲ್ಲಿ ಪ್ಯಾಕ್‌ಗಳ ಚಿಹ್ನೆಗಳನ್ನು ನೋಡಿ. ನಿಮ್ಮದೇ ಆದ ಪ್ಯಾಕ್‌ನ ಚಿಹ್ನೆ ಮಂಕಾಗಿದ್ದರೆ ಅದು ಇನ್‌ಸ್ಟಾಲ್ ಆಗಿಲ್ಲ ಅಥವಾ ನೀವು ಬೇರೆ ಖಾತೆಯಿಂದ ಒಳಗೆ ಬಂದಿದ್ದೀರಿ. ಸಿಸಿಯ ಮೇಲೆ ಅನುಮಾನ ಪಡುವ ಮೊದಲು ಇದನ್ನು ಸರಿಪಡಿಸಿ. ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್‌ನಲ್ಲಿ ಆಡುವವರಿಗಂತೂ ಕಾರಣ ಇದೊಂದೇ, ಏಕೆಂದರೆ ಅಲ್ಲಿ ಸಿಸಿಗೆ ಅವಕಾಶವೇ ಇಲ್ಲ.

ಪ್ಯಾಕ್‌ಗಳೆಲ್ಲ ಸರಿಯಾಗಿದ್ದರೆ ಮನೆಯನ್ನು ಒಂದು ಸುತ್ತು ನೋಡಿಬನ್ನಿ. ಬದಲಿ ಸಾಮಾನು ಅಳತೆಯಲ್ಲಿ ಹೊಂದದೆ ದಾರಿಗೆ ಅಡ್ಡವಾಗಿ ನಿಂತಿರಬಹುದು. ಊಟದ ಮೇಜಿನ ಬಳಿ ಸಿಮ್ ಕೈಬೀಸುತ್ತಾ ಗೊಣಗುತ್ತಿದ್ದರೆ, ಅದು ಹೆಚ್ಚಾಗಿ ಸರಿಯಾಗಿ ಕೂರದ ಕುರ್ಚಿಯ ತಂಟೆ. ಕುರ್ಚಿಯನ್ನು ತೆಗೆದು ಹೊಸದಾಗಿ ಇಡಿ. ಬಾಗಿಲುಗಳನ್ನು ಮರೆಯದೆ ನೋಡಿ. ಬಾಗಿಲೇ ಇಲ್ಲದ ಕೋಣೆಯಲ್ಲಿ ಮಗು ಸಿಕ್ಕಿಕೊಂಡು ಹಸಿವಿನಿಂದ ಅಳುತ್ತಿರುವುದನ್ನು ನಾನು ಕಂಡಿದ್ದೇನೆ, ಕಾರಣ ಹೊಳೆಯಲು ನನಗೆ ಬಹಳ ಹೊತ್ತು ಹಿಡಿಯಿತು.

ಮೈಮೇಲೆ ಅಥವಾ ಸಾಮಾನಿನ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳು

ಇದು ಸಿಸಿ ಇಲ್ಲದಿರುವುದರ ಲಕ್ಷಣವಲ್ಲ, ಅರ್ಧ ಉಳಿದಿರುವುದರ ಲಕ್ಷಣ. ಬಣ್ಣ ಮಾತ್ರ ಕೊಡುವ ಫೈಲ್ ಫೋಲ್ಡರಿನಲ್ಲಿ ಉಳಿದು, ಆಕಾರ ಕೊಡುವ ಫೈಲ್ ಹೋಗಿದ್ದರೆ ಹೀಗಾಗುತ್ತದೆ. ಮಾಡ್ಸ್ ಫೋಲ್ಡರಿನ ಒಳಫೋಲ್ಡರುಗಳನ್ನೆಲ್ಲ ತೆರೆದು ನೋಡಿ, ಎಲ್ಲೋ ಒಂದು ಪ್ಯಾಕೇಜ್ ಫೈಲ್ (ಸಿಸಿ ಬರುವುದು ಈ ಬಗೆಯ ಫೈಲಿನಲ್ಲೇ) ಅಡಗಿರುತ್ತದೆ.

ಲೈಬ್ರರಿಯಲ್ಲಿ ಇಟ್ಟಿದ್ದ ಮನೆ ಕಾಣುತ್ತಿಲ್ಲ

ಮನೆ, ಕುಟುಂಬಗಳನ್ನು ಕೂಡಿಡುವ ಗ್ಯಾಲರಿಯ ಮೈ ಲೈಬ್ರರಿಯಲ್ಲಿ ಎಡಬದಿಯ ಅಡ್ವಾನ್ಸ್‌ಡ್ ಭಾಗ ತೆರೆದು, ಸಿಸಿ ಇರುವವನ್ನೂ ತೋರಿಸು ಎಂಬರ್ಥದ ಚೌಕಕ್ಕೆ ಗುರುತು ಹಾಕಿ. ಅಷ್ಟೇ ಕೆಲಸ. ಸಿಸಿ ಬಳಸಿದ ಮನೆಗಳನ್ನು ಆಟ ಮರೆಮಾಡಿತ್ತು, ಅಳಿಸಿರಲಿಲ್ಲ.

ತೆಗೆದರೂ ಹಳೆಯ ಸಿಸಿ ಇನ್ನೂ ಕಾಣುತ್ತಿದೆ

ಚಿಕ್ಕ ಚಿತ್ರಗಳಲ್ಲಿ ಮಾತ್ರ ಹಳೆಯದು ಕಾಣುತ್ತಿದ್ದರೆ ಅದು ನೆನಪಿನ ಪಳೆಯುಳಿಕೆ. ದ ಸಿಮ್ಸ್ 4 ಫೋಲ್ಡರಿನಲ್ಲಿರುವ ಲೋಕಲ್‌ಥಂಬ್‌ಕ್ಯಾಷ್ ಎಂಬ ಪ್ಯಾಕೇಜ್ ಫೈಲನ್ನು ಆಟ ಮುಚ್ಚಿರುವಾಗ ಅಳಿಸಿ. ಮುಂದಿನ ಸಲ ಆಟ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತದೆ, ಸೇವ್‌ಗೆ ಏನೂ ಆಗುವುದಿಲ್ಲ. ಸಿಸಿ ಹಾಕಿದಾಗಲೂ ತೆಗೆದಾಗಲೂ ಈ ಫೈಲನ್ನು ಅಳಿಸುವುದನ್ನು ರೂಢಿ ಮಾಡಿಕೊಂಡರೆ ಒಳ್ಳೆಯದು.

ಚಿತ್ರದಲ್ಲಷ್ಟೇ ಅಲ್ಲ, ಸಿಮ್‌ನ ಮೈಮೇಲೂ ಸಿಸಿ ಉಳಿದಿದ್ದರೆ ನೀವು ಖಾಲಿ ಮಾಡಿದ ಫೋಲ್ಡರ್ ಒಂದು, ಆಟ ಓದುತ್ತಿರುವ ಫೋಲ್ಡರ್ ಇನ್ನೊಂದು. ವಿಂಡೋಸ್‌ನಲ್ಲಿ ಒನ್‌ಡ್ರೈವ್ ಡಾಕ್ಯುಮೆಂಟ್ಸ್ ಫೋಲ್ಡರನ್ನು ತನ್ನ ಒಳಗೆ ಎಳೆದುಕೊಂಡಿದ್ದರೆ, ಒಂದೇ ಹೆಸರಿನ ಎರಡು ಫೋಲ್ಡರುಗಳು ಎರಡು ಕಡೆ ಉಳಿದುಬಿಡುತ್ತವೆ. ಪತ್ತೆಗೆ ನಾನು ನೆಚ್ಚುವ ಉಪಾಯ ಇದು: ಆಟದೊಳಗೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಅದು ಯಾವ ಫೋಲ್ಡರಿನ ಸ್ಕ್ರೀನ್‌ಶಾಟ್ಸ್‌ನಲ್ಲಿ ಬಂದು ಬಿದ್ದಿದೆ ಎಂದು ಹುಡುಕಿ. ಆಟದ ನಿಜವಾದ ಮನೆ ಅದೇ.

ಲೋಡಿಂಗ್ ಪರದೆ ಮುಗಿಯುವುದೇ ಇಲ್ಲ, ಅಥವಾ ಗುಂಡಿಗಳು ಕಾಣೆಯಾಗಿವೆ

ಪರದೆಯ ಮೇಲಿನ ಗುಂಡಿಗಳನ್ನು, ಪಟ್ಟಿಗಳನ್ನು ಬದಲಿಸುವ ಮಾಡ್‌ಗಳು ಅಪ್‌ಡೇಟ್ ಬಂದಾಗ ಎಲ್ಲಕ್ಕಿಂತ ಮೊದಲು ಮುರಿಯುತ್ತವೆ. ಇಂಥ ಒಂದು ಫೈಲ್ ಉಳಿದಿದ್ದರೂ ಮನೆ ತೆರೆಯದೆ ಪರದೆ ಸುತ್ತುತ್ತಲೇ ಇರಬಹುದು. ಆದ್ದರಿಂದ ಮಾಡ್ಸ್ ಫೋಲ್ಡರನ್ನು ಪೂರ್ತಿಯಾಗಿ ಡೆಸ್ಕ್‌ಟಾಪ್‌ಗೆ ಎತ್ತಿಡಿ, ಲೋಕಲ್‌ಥಂಬ್‌ಕ್ಯಾಷ್ ಅಳಿಸಿ, ಆಟ ತೆರೆಯಿರಿ. ಆಟ ಹೊಸ ಖಾಲಿ ಮಾಡ್ಸ್ ಫೋಲ್ಡರ್ ಮಾಡಿಕೊಳ್ಳುತ್ತದೆ. ಹಳೆಯ ಸೇವ್ ಮುಟ್ಟದೆ, ಮೊದಲು ಹೊಸದೊಂದು ಕುಟುಂಬ ಮಾಡಿ ಆಟದೊಳಗಿನ ಊರಾದ ವಿಲೋ ಕ್ರೀಕ್‌ನಲ್ಲಿ ಒಂದು ಮನೆಗೆ ಕಳುಹಿಸಿ ಐದು ನಿಮಿಷ ಆಡಿ.

ಹೊಸ ಆಟ ಚೆನ್ನಾಗಿ ನಡೆದು ಹಳೆಯದು ಮಾತ್ರ ತೆರೆಯದಿದ್ದರೆ ದೋಷ ಆ ಸೇವ್‌ನಲ್ಲಿದೆ. ಅದಕ್ಕೆ ಮುಂದೆ ಹೇಳುವ ಬ್ಯಾಕಪ್ ದಾರಿ ಹಿಡಿಯಿರಿ. ಹೊಸ ಆಟವೂ ಕೈಕೊಟ್ಟರೆ ಇನ್ನೊಂದು ಹೆಜ್ಜೆ ಇದೆ: ದ ಸಿಮ್ಸ್ 4 ಫೋಲ್ಡರನ್ನು ಇಡಿಯಾಗಿ ಡೆಸ್ಕ್‌ಟಾಪ್‌ಗೆ ಸಾಗಿಸಿ, ಆಟ ಮತ್ತೆ ತೆರೆಯಿರಿ. ಈಗ ಆಟಕ್ಕೆ ಹಿಂದಿನ ಯಾವ ನೆನಪೂ ಇಲ್ಲ. ಈ ಸ್ಥಿತಿಯಲ್ಲಿ ಸರಿಯಾಗಿ ನಡೆದರೆ ತಂಟೆ ಹಳೆಯ ಫೋಲ್ಡರಿನಲ್ಲಿದೆ. ಸೇವ್ಸ್ ಅನ್ನು ಮಾತ್ರ ಮೊದಲು ವಾಪಸ್ ತನ್ನಿ, ನೋಡಿ. ಆಮೇಲೆ ಟ್ರೇ, ನೋಡಿ. ಒಂದೇ ಸಲಕ್ಕೆ ಎರಡನ್ನು ತಂದರೆ ಯಾವುದು ಕಾರಣ ಎಂದು ತಿಳಿಯುವುದಿಲ್ಲ.

ಹಿಂದಿನ ನೆನಪಿಲ್ಲದೆಯೂ ಆಟ ನಡೆಯದಿದ್ದರೆ ಆಗ ಮಾತ್ರ ಆಟವನ್ನೇ ಅನುಮಾನಿಸಬೇಕು. ಆಟದ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್, ಚಿಕ್ಕದಾಗಿ ಇಎ. ಅದರ ಇಎ ಆ್ಯಪ್‌ನ ಲೈಬ್ರರಿಯಲ್ಲಿ ರಿಪೇರ್ ಎಂಬ ಆಯ್ಕೆ ಇದೆ, ಸ್ಟೀಮ್‌ನಲ್ಲಿ ಪ್ರಾಪರ್ಟೀಸ್ ತೆರೆದು ಫೈಲುಗಳನ್ನು ಪರಿಶೀಲಿಸುವ ಆಯ್ಕೆ ಒತ್ತಬೇಕು. ಎರಡೂ ಕೆಟ್ಟ ಫೈಲುಗಳನ್ನು ಮತ್ತೆ ಇಳಿಸಿಕೊಳ್ಳುತ್ತವೆ. ಸೇವ್‌ಗಳು ಡಾಕ್ಯುಮೆಂಟ್ಸ್‌ನಲ್ಲಿ ಇರುವುದರಿಂದ ಇವು ಅವನ್ನು ಮುಟ್ಟುವುದಿಲ್ಲ. ರಿಪೇರ್ ಆದಮೇಲೂ ಹಾಗೇ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿಸಿ ನೋಡಿ. ಬಹಳ ಜನ ಮೊದಲ ತೊಡಕಿಗೇ ಆಟವನ್ನು ಕಿತ್ತು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಗಂಟೆಗಟ್ಟಲೆ ಡೌನ್‌ಲೋಡ್ ಆದ ಮೇಲೆ ಅದೇ ಹಳೆಯ ಫೋಲ್ಡರ್ ಅದೇ ದೋಷದೊಂದಿಗೆ ಕಾದಿರುತ್ತದೆ.

ಸಿಮ್ ಮಾತು ಕೇಳುತ್ತಿಲ್ಲ, ನೌಕರಿ ಅಥವಾ ಗುಣ ಮಾಯವಾಗಿದೆ

ಕೂದಲು, ಕುರ್ಚಿಗಳ ಸಿಸಿ ತೆಗೆದರೆ ನೋಟ ಮಾತ್ರ ಕೆಡುತ್ತದೆ. ನಡವಳಿಕೆ ಬದಲಿಸುವ ಸ್ಕ್ರಿಪ್ಟ್ ಮಾಡ್‌ಗಳನ್ನು ತೆಗೆದರೆ ಅವು ಸಿಮ್‌ಗೆ ಕೊಟ್ಟಿದ್ದ ನೌಕರಿ, ಗುಣ, ಭಾವನೆಗಳಿಗೆ ಆಧಾರವೇ ತಪ್ಪುತ್ತದೆ. ನೌಕರಿ ಹೋಗಿದ್ದರೆ ಫೋನ್ ತೆರೆದು ಹೊಸ ಕೆಲಸ ಹುಡುಕಿ.

ಸಿಮ್ ಒಂದೇ ಕಡೆ ಕಲ್ಲಿನಂತೆ ನಿಂತಿದ್ದರೆ ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿ. ಮೇಲೆ ಒಂದು ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ರೀಸೆಟ್‌ಸಿಮ್ ಎಂದು ಜಾಗ ಬಿಡದೆ ಬರೆದು, ಒಂದು ಜಾಗ ಬಿಟ್ಟು ಸಿಮ್‌ನ ಮೊದಲ ಹೆಸರು, ಮತ್ತೆ ಜಾಗ ಬಿಟ್ಟು ಕೊನೆಯ ಹೆಸರು ಬರೆದು ಎಂಟರ್ ಒತ್ತಿ. ಸಿಮ್ ಒಮ್ಮೆ ಮಾಯವಾದಂತಾಗಿ ಮತ್ತೆ ಚಲಿಸತೊಡಗುತ್ತದೆ. ಗುಣಗಳ ಪಟ್ಟಿಯಲ್ಲಿ ಖಾಲಿ ಜಾಗ ಇದ್ದರೆ ಅದೇ ಪೆಟ್ಟಿಗೆಯಲ್ಲಿ ಮೊದಲು ಟೆಸ್ಟಿಂಗ್‌ಚೀಟ್ಸ್ ಟ್ರೂ, ಬಳಿಕ ಕಾಸ್ ಡಾಟ್ ಫುಲ್‌ಎಡಿಟ್‌ಮೋಡ್ ಎಂಬೆರಡು ಆಜ್ಞೆಗಳನ್ನು ಕೊಟ್ಟು, ಶಿಫ್ಟ್ ಹಿಡಿದು ಸಿಮ್ ಮೇಲೆ ಕ್ಲಿಕ್ ಮಾಡಿ ತಿದ್ದುವ ಪರದೆಗೆ ಹೋಗಿ ಹೊಸ ಗುಣ ಆರಿಸಿ. ಇವೆಲ್ಲ ಆಟದೊಳಗೇ ಇರುವ ಸೌಲಭ್ಯಗಳು, ಹೊರಗಿನಿಂದ ಏನನ್ನೂ ಇಳಿಸಬೇಕಿಲ್ಲ.

ಫೋಲ್ಡರಿನಲ್ಲಿ ಲಾಸ್ಟ್‌ಎಕ್ಸೆಪ್ಷನ್ ಎಂಬ ಹೆಸರಿನ ಫೈಲುಗಳಿವೆಯೇ ಎಂದೂ ನೋಡಿ. ಆಟದೊಳಗೆ ಏನಾದರೂ ತಪ್ಪಿದಾಗ ಇವು ಹುಟ್ಟುತ್ತವೆ. ಹಳೆಯವನ್ನು ಅಳಿಸಿ ಒಂದು ಗಂಟೆ ಆಡಿ. ಮಾಡ್ ಒಂದೂ ಇಲ್ಲದೆ ಹೊಸದು ಬಂದರೆ ಹಳೆಯ ಮಾಡ್‌ನ ಗುರುತು ಸೇವ್‌ನಲ್ಲಿ ಉಳಿದಿರಬಹುದು, ಅಥವಾ ಅದು ಆಟದ್ದೇ ದೋಷ. ಹೊಸ ಕುಟುಂಬದಲ್ಲೂ ಬಂದರೆ ಎರಡನೆಯದು.

ಉಳಿಸಲು ಆಗುತ್ತಿಲ್ಲ

ಡಿಸ್ಕಿನಲ್ಲಿ ಜಾಗ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಸೇವ್ ಆ್ಯಸ್ ಒತ್ತಿ ಹೊಸ ಹೆಸರಿನಲ್ಲಿ ಉಳಿಸಲು ಪ್ರಯತ್ನಿಸಿ. ಅದೂ ಆಗದಿದ್ದರೆ ಒನ್‌ಡ್ರೈವ್ ಆ ಹೊತ್ತಿನಲ್ಲಿ ಫೈಲನ್ನು ಹಿಡಿದುಕೊಂಡಿರಬಹುದು. ಅದರ ಸಿಂಕ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ವಿಂಡೋಸ್ ಸೆಕ್ಯೂರಿಟಿಯಲ್ಲಿ ಫೋಲ್ಡರುಗಳಿಗೆ ಕಾವಲು ಹಾಕುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಆಗಿದ್ದರೆ ಆಟಕ್ಕೆ ಬರೆಯಲು ಬಿಡುವುದಿಲ್ಲ. ಕಾವಲನ್ನೇ ಆಫ್ ಮಾಡಬೇಡಿ, ಅನುಮತಿಯ ಪಟ್ಟಿಗೆ ಸಿಮ್ಸ್ 4 ಅನ್ನು ಸೇರಿಸಿ.

ಉಳಿಸಿಬಿಟ್ಟಿದ್ದೇನೆ, ಈಗೇನು?

ದಾರಿ ಇದೆ. ಆಟ ಪ್ರತಿ ಸೇವ್‌ನ ಹಿಂದಿನ ಐದು ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ಲೋಡ್ ಗೇಮ್ ಪರದೆಯಲ್ಲಿ ನಿಮ್ಮ ಆಟವನ್ನು ಆರಿಸಿ ರಿಕವರ್ ಸೇವ್ ಒತ್ತಿದರೆ ದಿನಾಂಕ, ಸಮಯದೊಂದಿಗೆ ಪಟ್ಟಿ ಬರುತ್ತದೆ. ಸಿಸಿ ತೆಗೆಯುವ ಮೊದಲಿನ ಸಮಯವನ್ನು ಆರಿಸಿ. ಸೇವ್ಸ್ ಫೋಲ್ಡರಿನಲ್ಲಿ ಇವೇ ವರ್0 ರಿಂದ ವರ್4 ರವರೆಗಿನ ಬಾಲ ಹೊತ್ತ ಫೈಲುಗಳು, ವರ್0 ಎಲ್ಲಕ್ಕಿಂತ ಇತ್ತೀಚಿನದು. ಆಟವೇ ತೆರೆಯದಿದ್ದರೆ, ಮೂಲ ಫೈಲನ್ನು ಬೇರೆಡೆಗೆ ಎತ್ತಿಟ್ಟು, ಹಳೆಯ ಪ್ರತಿಯೊಂದರ ಹೆಸರಿನ ಕೊನೆಯಲ್ಲಿರುವ ಆ ಬಾಲವನ್ನು ಕತ್ತರಿಸಿ ಅದರ ಜಾಗದಲ್ಲಿ ಇಡಬಹುದು.

ಪ್ರತಿಗಳು ಐದೇ ಎಂಬುದು ನೆನಪಿರಲಿ. ಬದಲಾದ ಮನೆಯನ್ನು ಮತ್ತೆ ಮತ್ತೆ ಉಳಿಸುತ್ತಾ ಹೋದರೆ ಒಳ್ಳೆಯ ಪ್ರತಿ ಪಟ್ಟಿಯಿಂದ ಆಚೆ ತಳ್ಳಿಹೋಗುತ್ತದೆ. ತಪ್ಪು ಗೊತ್ತಾದ ಕ್ಷಣವೇ ನಿಲ್ಲಿಸಿ.

ಇಲ್ಲಿಗೆ ಸಾಕು, ಬೇರೆಯವರನ್ನು ಕೇಳಿ

ಫೋಲ್ಡರ್ ಪೂರ್ತಿ ಹೊಸದಾಗಿದ್ದೂ, ರಿಪೇರ್ ಮಾಡಿಯೂ, ಹೊಸ ಕುಟುಂಬದಲ್ಲೂ ದೋಷ ಮರುಕಳಿಸಿದರೆ ಮನೆಯಲ್ಲಿ ಮಾಡುವ ಪರೀಕ್ಷೆ ಮುಗಿಯಿತು. ಇಎಯ ಅಧಿಕೃತ ಸಹಾಯಕ್ಕೆ ಬರೆಯಿರಿ. ಏನು ಮಾಡಿದಾಗ ದೋಷ ಬರುತ್ತದೆ, ಮಾಡ್ ಇಲ್ಲದೆ ಪರೀಕ್ಷಿಸಿದ್ದೀರಿ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ. ಆಟ ಆಡುವಾಗ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿದ್ದರೆ, ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ, ಬೇರೆ ಆಟಗಳಲ್ಲೂ ಹಾಗೇ ಆಗುತ್ತಿದ್ದರೆ ಅದು ಸಿಮ್ಸ್‌ನ ವಿಷಯವಲ್ಲ. ಆಡುವುದನ್ನು ನಿಲ್ಲಿಸಿ ಯಂತ್ರವನ್ನು ಬಲ್ಲವರಿಗೆ ತೋರಿಸಿ.

ಕೊನೆಯದಾಗಿ, ಎಲ್ಲಕ್ಕಿಂತ ಗಂಭೀರವಾದ ಲಕ್ಷಣ ಒಂದಿದೆ. ಸ್ಕ್ರಿಪ್ಟ್ ಮಾಡ್ ಎಂದರೆ ಪೈಥಾನ್ ಭಾಷೆಯಲ್ಲಿ ಬರೆದ ನಿಜವಾದ ಪ್ರೋಗ್ರಾಂ, ನಿಮ್ಮ ಕಂಪ್ಯೂಟರಿನಲ್ಲಿ ಅದು ಕೆಲಸ ಮಾಡಬಲ್ಲದು. 2024ರ ಮಾರ್ಚ್‌ನಲ್ಲಿ ಹೆಸರಾಂತ ತಾಣಗಳಿಗೇ ದುರುದ್ದೇಶದ ಕೋಡ್ ಅಡಗಿಸಿದ ಸಿಮ್ಸ್ 4 ಮಾಡ್‌ಗಳನ್ನು ಏರಿಸಲಾಗಿತ್ತು. ಮಾಡ್ ಹಾಕಿದ ಮೇಲೆ ಅರಿಯದ ಕಿಟಕಿಗಳು ತೆರೆದು ಮುಚ್ಚಿದ್ದರೆ, ನಿಮ್ಮ ಖಾತೆಗಳಿಗೆ ಬೇರೆಯವರು ಪ್ರವೇಶಿಸಿದ ಸೂಚನೆ ಬಂದಿದ್ದರೆ ಅಜ್ಜಿಯ ಕೂದಲಿನ ಯೋಚನೆ ಬಿಡಿ. ಇಂಟರ್ನೆಟ್ ಸಂಪರ್ಕ ಕಡಿದು ಆ್ಯಂಟಿವೈರಸ್‌ನಿಂದ ಪೂರ್ತಿ ತಪಾಸಣೆ ಮಾಡಿಸಿ. ಮುಖ್ಯ ಖಾತೆಗಳ ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ. ಮಾಡ್ ಕೆಲಸ ಮಾಡಬೇಕಾದರೆ ಆ್ಯಂಟಿವೈರಸ್ ಆಫ್ ಮಾಡಿ ಎನ್ನುವ, ಇನ್‌ಸ್ಟಾಲರ್ ಒಂದನ್ನು ಓಡಿಸಿ ಎನ್ನುವ ಕೂದಲಿನ ಫೈಲ್ ಬಂದರೆ ತೆರೆಯದೆ ಅಳಿಸಿ. ಕೂದಲಿಗೂ ಕುರ್ಚಿಗೂ ಬೇಕಾಗುವುದು ಪ್ಯಾಕೇಜ್ ಫೈಲ್ ಮಾತ್ರ.